ಹದಿನಾಲ್ಕು ಶನಿವಾರ

ನೇರಳೆ ಬಣ್ಣದ ಡಬ್ಬಿ, ಎರಡು ಅಂಗೈ ಜೋಡಿಸಿದಷ್ಟು ಅಗಲ.
ಒಂದೇ ತಿರುಗುಗುಂಡಿಯಲ್ಲಿ ಹನ್ನೆರಡು ಮಾಯೆ.
ಮೂರು ಸಾವಿರದ ಐನೂರು ಸೆಡಿ, ಎಂದ ಆಜೆಕುಮ್,
ಆಡುಮ್ ಪೇಟೆಯ ಮೆಟ್ಟಿಲ ಕೆಳಗಿನ ತನ್ನ ಅಂಗಡಿಯಲ್ಲಿ,
ನಾನು ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ತಲೆಯಾಡಿಸುತ್ತ.

ನನ್ನ ಲೆಕ್ಕ ಬೇರೆ.
ಕುಮಾಸಿಯಲ್ಲಿ ಶನಿವಾರ ಸತ್ತವರ ದಿನ.
ಕೆಂಪು ಕಪ್ಪು ಬಟ್ಟೆ, ಬಾಡಿಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ,
ಮೂಲೆಯಲ್ಲಿ ನಮ್ಮ ಹೈಲೈಫ್ ಮೇಳ.
ಗಿಟಾರಿಗೆ ಇನ್ನೂರೈವತ್ತು, ಊಟ ಅವರದು.
ಅಂದರೆ ಈ ಡಬ್ಬಿಯ ಬೆಲೆ
ಹದಿನಾಲ್ಕು ಹೆಣ.

ಬಾರಿಸಿ ನೋಡು, ಅದಕ್ಕೇನೂ ಕಾಸಿಲ್ಲ, ಎಂದ.
ಕೋರಸ್ಸಿಗೆ ತಿರುಗಿಸಿದೆ:
ಜಾಗರಣೆಯ ರಾತ್ರಿ ಹೆಂಗಸರು ಒಂದೇ ಹಾಡು ಹಿಡಿದು
ಒಬ್ಬೊಬ್ಬಳೂ ಕೂದಲೆಳೆಯಷ್ಟು ಹಿಂದೆ ಮುಂದೆ.
ಫ್ಲ್ಯಾಂಜರ್: ತಗಡಿನ ಮಾಡಿನ ಮೇಲೆ ಅಕ್ರಾ ವಿಮಾನ.
ಟ್ರೆಮೊಲೊ: ವೋಲ್ಟೇಜ್ ಬಿದ್ದ ಸಂಜೆಯ ಫ್ಯಾನು.
ಫೇಸರಿಗೆ ಹೋಲಿಕೆ ಹುಡುಕುತ್ತ ಕೂತೆ, ಸಿಗಲಿಲ್ಲ;
ನೀರೊಳಗೆ ಮುಳುಗಿದವನಿಗೆ ದಡದ ಮಾತು ಕೇಳಿದ ಹಾಗೆ,
ಇರಬಹುದು.
ಉಳಿದ ಎಂಟು ನನಗೆ ಬೇಡ.
ಎಂಟು ಕೋಣೆಗೆ ಬೀಗ ಜಡಿದು
ನಾಲ್ಕರಲ್ಲಿ ಸಂಸಾರ ಮಾಡುವವನು
ಇಡೀ ಬಂಗಲೆಯ ಬಾಡಿಗೆ ಕಟ್ಟಬೇಕೇ?

ಮೇಳದ ಹಿರಿಯರು, ಟೀಚರ್ ಅಂಪೊನ್ಸಾ, ನಕ್ಕರು:
'ಎರಡು ಬೆರಳಿಗೆ ಬಾರದ್ದು ಪೆಟ್ಟಿಗೆಯಿಂದ ಬಂದೀತೆ?'
ಬಂದೀತು ಸಾರ್. ಬರುವುದೇ ತೊಂದರೆ.
ಹಳೆಯದೊಂದಿದೆ ನನ್ನ ಬಳಿ, ಹಸಿರು ಕೋರಸ್,
ಸ್ವಿಚ್ಚು ಸಡಿಲ; ಯಾರದೋ ಸಾವಿನ ಪೋಸ್ಟರ್ ಮಡಿಸಿ
ಸಂದಿಗೆ ತುರುಕಿದ್ದೇನೆ.
ಬ್ಯಾಟರಿ ಸಾಯುವ ಕೊನೆಯ ಕಾಲುಗಂಟೆ
ಅದು ಹಾಡುವುದನ್ನು ಕೇಳಬೇಕು ನೀವು.
ಹನ್ನೆರಡರಲ್ಲಿ ಆ ಹದಿಮೂರನೆಯದಿಲ್ಲ.
ಗೊತ್ತಿತ್ತು. ಗೊತ್ತಿದ್ದೂ ಬೇಕೆನಿಸಿತು.

ಕೋಲ್ಡ್ ಸ್ಟೋರಿನ ಮೀನಿನ ಸಂಬಳ ಸೆರ್ವಾಳ ಕೈಗೆ,
ಶನಿವಾರದ್ದು ಮಾಲ್ಟ್ ಪುಡಿಯ ಡಬ್ಬಕ್ಕೆ. ಅದು ನಮ್ಮ ಒಪ್ಪಂದ.
ಒಬ್ಬ ಲಾರಿ ಮಾಲೀಕ. ಒಬ್ಬಳು ದಾದಿ.
ತೊಂಬತ್ತೆಂಟರ ಒಬ್ಬ ಮುದುಕಿ, ಬೆಳಗಾಗುವವರೆಗೂ ಕುಣಿಸಿದಳು ಊರನ್ನು,
ದರ ಮಾತ್ರ ಅದೇ.
ಒಬ್ಬ ಹುಡುಗ; ಅವತ್ತು ನಾನು ಪೆಡಲಿಗೆ ಕಾಲು ತಾಗಿಸಲಿಲ್ಲ.
ಹದಿಮೂರಾಯಿತು.
ಆಮೇಲೆ ಮೂರು ವಾರ ನಮ್ಮ ಪಾಲಿಗೆ ಯಾರೂ ಸಾಯಲಿಲ್ಲ.
'ಇನ್ನೆಷ್ಟು?' ಕೇಳಿದಳು ಸೆರ್ವಾ, ಬಾಳೆಕಾಯಿ ಹೆಚ್ಚುತ್ತ.
'ಒಂದು.'
ಚಾಕು ನಿಂತಿತು. ಮತ್ತೆ ಹೆಚ್ಚಿದಳು.

ದರ್ಜಿ ಒಬಿರಿ ಹಾಸಿಗೆ ಹಿಡಿದನೆಂದು ತಿಳಿದ ದಿನ
ಕಿತ್ತಳೆ ಹಿಡಿದು ನೋಡಲು ಹೋದೆ.
ನನ್ನ ಸ್ಕೂಲಂಗಿಯ ಹರಿದ ಕಾಲರು
ಮಗುಚಿ ಹೊಲಿದು ಕೊಟ್ಟವನು, ಕಾಸು ಮುಟ್ಟದೆ.
'ಹೇಗಿದ್ದೀಯಪ್ಪ?' ಎಂದೆ.
ಪ್ರಶ್ನೆಯ ಅಸ್ತರಿನಲ್ಲಿ ಒಂದು ಅಂಕಿ ಹೊಲಿದಿತ್ತು.
ಬಟ್ಟೆಯ ಒಳಮಗ್ಗುಲು ಬಲ್ಲವನು ಆತ.
ಕೆಮ್ಮಿದ, ಕಿತ್ತಳೆ ಮೂಸಿದ,
ದಿಂಬಿನಡಿಯಿಂದ ಗುಂಡುಸೂಜಿ ಚುಚ್ಚಿದ ನೋಟು ತೆಗೆದ:
'ತಗೋ, ಮುಂಗಡ.
ಮಲಗಿಕೊಂಡು ಕೇಳುವುದು ನನ್ನಿಂದಾಗದು,
ಕೂತು ಕೇಳಬೇಕು. ಬೇಗ ಕೊಂಡು ತಾ.'

ಈಗ ಹೇಳಿ.
ಹಿಂದಕ್ಕೆ ಕೊಟ್ಟರೆ ಮುದುಕನ ಆಸೆ ಮುರಿದೆ.
ಇಟ್ಟುಕೊಂಡೆನೋ, ಆತ ನನಗೊಂದು ಸಾವಿನ ಸಾಲಗಾರ.
ರಾತ್ರಿಯಿಡೀ ಹಸಿರು ಪೆಡಲ್ ಬಿಚ್ಚಿ
ಒಳಗೇನಿದೆಯೆಂದು ನೋಡುತ್ತ ಕೂತೆ, ಅಲ್ಲಿ ಉತ್ತರವಿದ್ದಂತೆ.
ಒಳಗೆ ನಾಲ್ಕು ತಂತಿ, ಒಂದು ಸತ್ತ ಜಿರಲೆ.

ಸೋಮವಾರ ಆಡುಮ್‌ಗೆ ಹೋದೆ.
ದಾರಿಯುದ್ದಕ್ಕೂ ಗುಂಡುಸೂಜಿ ತೊಡೆಗೆ ಚುಚ್ಚುತ್ತಿತ್ತು,
ತೆಗೆದು ಬಿಸಾಡಲಿಲ್ಲ.
ಆಜೆಕುಮ್ ಎರಡು ಸಲ ಎಣಿಸಿದ.
ನೇರಳೆ ಡಬ್ಬಿಯನ್ನು ನನ್ನತ್ತ ತಳ್ಳಿದ.
ಮಗುಚಿ ನೋಡಿದೆ. ಬ್ಯಾಟರಿಗೆ ಜಾಗವೇ ಇಲ್ಲ.

'ಅಡಾಪ್ಟರ್?' ಎಂದೆ.

'ಅದು ಬೇರೆ,' ಎಂದ.
'ಇನ್ನೂರೈವತ್ತು.'