ಕೈಯಳತೆ

ಹೊಸ್ತಿಲಲ್ಲೇ ಬೂಟಿನ ಹಿಮ ಒದರಿ
ಗ್ರಾಸಿಯಾನ ಇರಿಬೆರಿ ಒಳಗೆ ಬಂದಳು.
ಟವೆಲಿನಲ್ಲಿ ಸುತ್ತಿದ್ದನ್ನು ಗಾಜಿನ ಮೇಲಿಟ್ಟಳು:
ಗಂಡನ ನಲವತ್ತೈದು.
"ಇದು ಅವನ ಕೈಯದು. ಈಗ ಆ ಕೈ ಇಲ್ಲ.
ನನ್ನದಕ್ಕೊಂದು ಬೇಕು."

ಅಂಗಡಿ ಇಟ್ಟು ಮೂವತ್ತೊಂದು ವರ್ಷ.
ಬಿಗ್‌ಹಾರ್ನ್ ಬೆಟ್ಟದ ಈ ಮಗ್ಗುಲಲ್ಲಿ
ಯಾರ ಸೊಂಟಕ್ಕೆ ಯಾವುದು ಒಗ್ಗುತ್ತದೆಂದು
ಕಣ್ಣು ಮುಚ್ಚಿ ಹೇಳಬಲ್ಲೆ
ಅಂದುಕೊಂಡಿದ್ದೆ.

ನಮ್ಮ ಹುಡುಗ ಕ್ಲೇಟನ್ ಓಡಿಹೋಗಿ
ನೇರಳೆ ಬಣ್ಣದ್ದೊಂದು ತಂದ, ಬೆಂಕಿಪೊಟ್ಟಣದಂಥದು.
"ಹಗುರ ನೋಡಿ, ಪರ್ಸಲ್ಲೇ ಹಿಡಿಯುತ್ತೆ."
ನಾನೂ ತಲೆಯಾಡಿಸಿದೆ. ಚಿಕ್ಕ ಕೈಗೆ ಚಿಕ್ಕದು,
ಉಂಗುರ ಮಾರುವವನ ಲೆಕ್ಕ.

ಹಿತ್ತಲ ಮಣ್ಣುದಿಬ್ಬದೆದುರು ಒಂದೇ ಗುಂಡು.
ಮೆಣಸಿನಕಾಯಿ ಸಣ್ಣದಾದಷ್ಟೂ ಖಾರ ಗೊತ್ತಲ್ಲ,
ಹಗುರ ಪಿಸ್ತೂಲಿನ ಒದೆತವೂ ಹಾಗೇ:
ನುಂಗಿಕೊಳ್ಳಲು ಅದಕ್ಕೆ ಮೈಯೇ ಇಲ್ಲ,
ಸಿಟ್ಟೆಲ್ಲ ಮಣಿಕಟ್ಟಿಗೆ.
ಕಿರುಬೆರಳಿಗೆ ಹಿಡಿಕೆ ಸಾಲದೆ ಗಾಳಿಯಲ್ಲಿ ತೂಗುತ್ತಿತ್ತು.
ಅವಳು ಕೈ ಕೊಡವಿ,
"ಕುರಿಮರಿ ಅಂತ ಟಗರು ಕೊಟ್ಟೆಯಲ್ಲೋ" ಅಂದಳು.

ಕೈ ತೋರಿಸು ಅಂದೆ.
ಗಾಜಿನ ಮೇಲೆ ಹರಡಿದಳು: ನನ್ನ ಗೇಣಿನ ಮುಕ್ಕಾಲು.
ಊದಿದ ಗೆಣ್ಣು, ಉಗುರಿನ ಸಂದಿಯಲ್ಲಿ ಅಯೋಡಿನ್ನಿನ ಕಂದು,
ಉಣ್ಣೆಯ ಜಿಡ್ಡಿನ ವಾಸನೆ.
"ಏಪ್ರಿಲ್ ರಾತ್ರಿ ಮೂರು ಗಂಟೆಗೆ
ನಾಲ್ಕು ರ್‍ಯಾಂಚುಗಳಿಂದ ಈ ಕೈಗೆ ಫೋನು ಬರುತ್ತೆ.
ಡಾಕ್ಟರ ಮುಷ್ಟಿ ಹೋಗದ ಕಡೆ ಇದು ಹೋಗಿ
ಅಡ್ಡ ತಿರುಗಿದ ಮರಿಯ ಮೊಣಕಾಲು ಹುಡುಕುತ್ತೆ.
ಬೆರಳು ಹೀಗೆ, ಮೊಗ್ಗಿನ ಥರ.
ಚಿಕ್ಕದು ಅನ್ನಬೇಡ.
ನಿಮ್ಮ ಹಿಡಿಕೆಗಳು ದಪ್ಪ."

ಮತ್ತೆ ಮೊದಲಿಂದ.
ಎರಡು ಸಾಲು ಗುಂಡು ತುಂಬುವುವೆಲ್ಲ ಇಟ್ಟಿಗೆಗಳು,
ಬೆರಳ ತುದಿಯಷ್ಟೇ ಕುದುರೆಗೆ ಮುಟ್ಟುತ್ತಿತ್ತು.
ಎಟುಕಿಸಲು ಕೈ ತಿರುಚಿದಳೋ
ನಳಿಗೆ ಬೇರೆ ಊರು ನೋಡುತ್ತಿತ್ತು.
ಒಂದರ ಸ್ಲೈಡು ಜಪ್ಪಯ್ಯ ಅಂದರೂ ಜರುಗಲಿಲ್ಲ.
ಎಳೆಯಬೇಡ, ಅದನ್ನು ಬಿಗಿಹಿಡಿದು
ಬಲಗೈಯನ್ನು ಮುಂದಕ್ಕೆ ನೂಕು ಅಂದೆ,
ಗಾಳಿಗೆ ಎದುರಾಗಿ ಗೇಟು ತೆಗೆದ ಹಾಗೆ.
ಸರಕ್ಕನೆ ಬಂತು.
ಆದರೂ ಅದು ಬೇಡವೆಂದಳು, ಕಾರಣ ಹೇಳಲಿಲ್ಲ.

ಏಳು ಪಿಸ್ತೂಲು ಗಾಜಿನ ಮೇಲೆ. ಕಾಫಿ ತಣ್ಣಗೆ.

ಕೆಳಗಿನ ಡ್ರಾಯರಿನಲ್ಲಿ ಒಂದಿತ್ತು,
ಯಾರೂ ಕೇಳದ್ದು. ಹಳೆಯ ಉಕ್ಕು,
ಅಂಚುಗಳಲ್ಲಿ ಬಣ್ಣ ಸವೆದು ಬೆಳ್ಳಗಾಗಿತ್ತು.
ಒಂದೇ ಸಾಲು, ಒಂಬತ್ತು ಮಿಲಿಮೀಟರು,
ಹಿಂದಿನವರಾರೋ ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ
ತೆಳ್ಳಗೆ ಮಾಡಿದ ವಾಲ್‌ನಟ್ ಹಿಡಿಕೆ.
ನೇರಳೆಯದಕ್ಕಿಂತ ಎರಡರಷ್ಟು ಭಾರ.
ಕ್ಲೇಟನ್ ಮುಖ ಕಿವುಚಿದ.

ಹಿಡಿದಳು. ಕಣ್ಣು ಮುಚ್ಚಿ ದಿಬ್ಬದ ಕಡೆ ಎತ್ತಿ
ಕಣ್ಣು ತೆರೆದಾಗ
ಮುಂದಿನ ಗುರಿಮೊನೆ ಹಿಂದಿನ ಕಚ್ಚಿನಲ್ಲಿ
ತಾನಾಗಿ ಬಂದು ನಿಂತಿತ್ತು.
ಮೊಣಕೈಯಿಂದ ನಳಿಗೆಯ ತುದಿಯವರೆಗೆ ಒಂದೇ ಗೆರೆ.
ಐದು ಗುಂಡು. ತಗಡಿನ ಮೇಲೆ
ಅವಳ ಅಂಗೈಯಲ್ಲಿ ಮುಚ್ಚಿಹೋಗುವಷ್ಟರಲ್ಲೇ ಐದು ತೂತು.
"ಇದು ಜಗಳ ಆಡಲ್ಲ" ಅಂದಳು.

ಫಾರಂ ತುಂಬಿದಳು. ಫೋನಿನ ಆ ಕಡೆಯವರು
ಹೂಂ ಅನ್ನುವವರೆಗೆ ಕೂತಿದ್ದಳು.
ನಲವತ್ತು ಡಾಲರು ಇಳಿಸಿದೆ, ಇನ್ನೂ ಹತ್ತು ಇಳಿಸಿಕೊಂಡಳು.
ಗಂಡನದ್ದನ್ನು ಕೊಂಡುಕೊಳ್ಳಲೇ ಎಂದೆ.
ಅದರ ಹಿಡಿಕೆಯ ಮೇಲೆ ಬರಿದೇ ಕೈಯಿಟ್ಟಳು.
ಸುತ್ತ ಎಷ್ಟು ಜಾಗ ಉಳಿಯಿತೋ
ಅಷ್ಟನ್ನೂ ನೋಡಿದಳು. ಟವೆಲು ಸುತ್ತಿದಳು.

ರಾತ್ರಿ ಬಾಗಿಲು ಹಾಕಿ, ಯಾರಿಲ್ಲದಾಗ,
ಅವಳು ತೋರಿಸಿದಂತೆ ಐದೂ ಬೆರಳು ಮೊಗ್ಗು ಮಾಡಿ
ಕೌಂಟರಿನ ಒಣಮಾಂಸದ ಜಾಡಿಗೆ ತೂರಿಸಿದೆ.
ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು.
ಬಿಡಿಸಿಕೊಳ್ಳಲು ಸೋಪು ಬೇಕಾಯಿತು.