ಬ್ಯಾನಿ

ಯುಗಾದಿ ಮುಂದ ಒಂದು ಬೊಟ್ಟು ಹಿಡಿದಿದ್ದೆ,
ಬಸವ ಜಯಂತಿ ಮುಂದ ಇನ್ನೊಂದು.
ಈಗ ಮತ್ತ ಅದೇ ಹಸಿರು ಕುಪ್ಪಸ ತಗೊಂಡು ಬಂದಾಳ ಹಲೀಮಾಬಿ:
"ಬಗಲು ಸಡ್ಲಾಗ್ಯಾದ, ಕಸ್ತೂರಿ. ಬಟ್ಟಿ ಹಿಗ್ಗ್ಯಾದೇನು?"
ಬಟ್ಟಿ ಹಿಗ್ಗಂಗಿಲ್ಲ. ನಾ ಸುಮ್ನಿದ್ದೆ.

ವಾಡಿ ಟೇಶನ್ನಿನ ಹಿಂದ, ತಗಡಿನ ಕೆಳಗ ನನ್ನ ಮಷೀನು.
ಬಾಬಿನ್ನಿನ ಮ್ಯಾಲೂ ಸಿಮೆಂಟಿನ ಧೂಳು ಕೂಡ್ತದ.
ಬಂದಾಕಿ ನಿಂತೇ ಒಂದು ಚರಗಿ ನೀರು ಕುಡಿದ್ಲು,
ಕುಂತು ಇನ್ನೊಂದು.
"ಬ್ಯಾಸಗಿ" ಅಂದ್ಲು, ನಾ ಏನೋ ಕೇಳಿದವರ್ಹಂಗ.

ಟೇಪು ಹಾಕಾಕ ಸೆರಗು ಸರಿಸಿದೆ.
ಹೊಕ್ಕಳದ ಎಡಕ್ಕ, ಸೀರಿ ಮ್ಯಾಲ,
ಎಂಟಾಣೆ ಅಗಲದ ಹಸಿ.
ಬೆವರಲ್ಲ. ಬೆವರು ಬೆನ್ನು ಹಿಡಿದು ಇಳೀತದ,
ಒಂದೇ ಕಡಿ ಗುಂಡಗ ಕೂಡಂಗಿಲ್ಲ.
ಮೂಸಿ ನೋಡಿದೆ. ದವಾಖಾನಿ ವಾಸನಿ.
ಸುತ್ತ ಹಳೇ ಕಲಿಗೋಳು, ಒಣಗಿದವು,
ಒಂದರ ಮ್ಯಾಲೊಂದು.

"ಸೋರ್ತದೇನು ನಿನ್ನ ಇನ್ಸುಲಿನ್ ಪೆನ್ನು?"
"ಛೇ, ಭಾಳ ಚಲೋ ಅದ. ಆ ಸೀಸಿ ಸಿರಿಂಜಿನಂಗ ಅಲ್ಲ.
ಹೋಳಿ ಹುಣ್ಣಿವಿಯಿಂದ ಚುಚ್ಕೋತೀನಿ,
ಒಂದಿನಾನೂ ಬ್ಯಾನಿ ಆಗಿಲ್ಲ.
ಅಲ್ಲಾನ ಮೆಹರಬಾನಿ."

ನನಗ ಹೊಲಿಗಿ ಕಲಿಸಿದ ಉಸ್ತಾದ ಹೇಳ್ತಿದ್ದ:
ದಾರ ಹರೀತಂದ್ರ ಮಷೀನಿಗೆ ಬೈಬ್ಯಾಡ,
ಮೊದಲು ಸೂಜಿ ನೋಡು.

ಆಕಿ ಮನಿ ಮೂರನೇ ಬಾಗಿಲು. ಹೋದ್ವಿ.
ಮಣ್ಣಿನ ಗಡಿಗಿ, ಸುತ್ತ ತೊಯ್ದ ಅರಿವಿ, ಒಳಗ ಡಬ್ಬಿ,
ಡಬ್ಬಿಯೊಳಗ ಪೆನ್ನು, ತಣ್ಣಗ. ಆ ಕೆಲಸ ಭೇಷ್ ಮಾಡ್ಯಾಳ.
ಔಷಧ ತಿಳಿ ಅದ. ತಾರೀಖು ದಾಟಿಲ್ಲ. ಗುಂಡಿ ಸಿಗಿಬಿದ್ದಿಲ್ಲ.
ಆಕಿ ಅಂಕಿ ತಿರುವಿದ್ಲು, ಟಿಕ್ ಟಿಕ್ ಟಿಕ್,
ಟೋಪಿ ತೆಗೆದು ಹೊಟ್ಟಿಗೆ ಹಚ್ಚಿದ್ಲು,
"ನಿಂದರು!" ಅಂದೆ.

ದೊಡ್ಡ ಟೋಪಿ ಕೆಳಗ ಇನ್ನೊಂದು ಟೋಪಿ,
ಒಣ ತೊಗರಿಕಾಯಿ ತುದಿಯಷ್ಟು.
ಅದನ್ನೇ ಸೂಜಿ ಅಂತ ತಿಳಕೊಂಡಾಳ.
ಉಗುರಿಲೆ ಎಳದೆ. ಬಂತು.
ಒಳಗ ಕೂದಲೆಳಿಯಷ್ಟು ಉಕ್ಕು.
ತನ್ನ ಸೂಜಿ ತಾನೇ ಮೊದಲ ಸಲ ನೋಡಿದ್ಲು.

ಎರಡು ತಿಂಗಳ ಔಷಧ ಸೀರಿ ಕುಡಿದದ.
"ಹಂಗಾರ ನನ್ನ ಸೀರಿಗೆ ಸಕ್ಕರಿ ಇಳಿದಿರಬೇಕು" ಅಂತ ನಕ್ಕಳು.
ಆಮ್ಯಾಲ ನಗಲಿಲ್ಲ.

ಕಿಟಕಿಯಾಗ ಅಂಕಿ ನಿಂತಿತ್ತು: ಇಪ್ಪತ್ತಾರು.
ಸಕ್ಕರಿ ಇಳೀವಲ್ದು ಅಂತ ಏರಿಸ್ಯಾರ,
ಹತ್ತು ಇದ್ದದ್ದು ಹದಿನಾರು, ಹದಿನಾರು ಇದ್ದದ್ದು ಇದು.
ಸೀರಿಗೆ ಹಾಕಿದ ಲೆಕ್ಕ ಮೈಗೆ ಹಾಕಿದ್ರ?
ನನಗ ಬಟ್ಟಿ ಲೆಕ್ಕ ಗೊತ್ತು, ಇದು ಗೊತ್ತಿಲ್ಲ.
ಕಲಬುರಗಿಗೆ ಫೋನ್ ಹಚ್ಚಿದೆ. ಎಲ್ಲಾ ಹೇಳಿದೆ.
ಡಾಕ್ಟರಬಾಯಿ ಒಂದು ಉಸುರಿನಷ್ಟು ಹೊತ್ತು ಮಾತಾಡಲಿಲ್ಲ.
"ತೋರಿಸಿ ಕೊಟ್ಟಿದ್ವಿ" ಅಂದ್ರು. ಮತ್ತ ತಾವೇ,
"ತೋರಿಸಿದ್ವೋ ಇಲ್ಲೋ" ಅಂದ್ರು.
ಈಗ ಹತ್ತೇ. ನಾಳೆ ಮುಂಜಾನಿ ಗಾಡಿಗೆ ಬರ್ರಿ.

ಹೊಸ ಸೂಜಿ ತಿರುವಿದೆ. ಎರಡೂ ಟೋಪಿ ತೆಗದೆ.
ಮೊದಲು ಎರಡು ಅಂಕಿ ಗಾಳಿಗೆ.
ಬರಲಿಲ್ಲ. ಪೆನ್ನಿಗೆ ಬೆರಳಿಲೆ ಬಡದೆ, ಗುಳ್ಳಿ ಮ್ಯಾಲ ಹೋತು.
ಮತ್ತ ಎರಡು.
ತುದಿಗೆ ಒಂದು ಹನಿ.

ಚುಚ್ಚಿದ್ಲು.
"ಹಾಯ್ ಅಲ್ಲಾ!" ಅಂದ್ಲು, "ಬ್ಯಾನಿ!"
ಒತ್ತಿ ಹಿಡಿ, ಹತ್ತು ಎಣಿಸು ಅಂದೆ.
ಆಕಿ ಏಕ್ ದೋ ತೀನ್, ನಾ ಒಂದು ಎರಡು ಮೂರು.
ನಾ ಎಂಟಕ್ಕ ಇದ್ದಾಗ ಆಕಿ ದಸ್ ಮುಟ್ಟಿದ್ಲು.
ನನ್ನವೂ ಮುಗೀಲಿ ತಡಿ ಅಂದೆ.
ಹೊರಗ ಗೂಡ್ಸ್ ಗಾಡಿ ಹೊಂಟಿತ್ತು, ಡಬ್ಬಿ ಎಣಿಸಲಿಲ್ಲ.

ಕುಪ್ಪಸ ಹಿಡಿದಿಟ್ಟೀನಿ.
ಒಳಗಿನ ಬಟ್ಟಿಗೆ ಕತ್ತರಿ ಹಚ್ಚಿಲ್ಲ.
ಮೂರು ಸಾಲು ಹೊಲಿಗಿ,
ಒಂದೊಂದೇ ಬಿಚ್ಚಾಕ ಬರೂಹಂಗ.