ಕೆರೆದ ಬಾಲ

ಕೋಟೆ ಬುಡದ ಕಾಲೇಜಿನ ತೋಟಕ್ಕೆ
ನಲವತ್ತೊಂದು ತಗಡು, ಹಸಿರು ಬಳಿದು ಬಿಳಿಯಲ್ಲಿ ಬರೆಯಬೇಕು.
ಒಂದಕ್ಕೆ ಅರವತ್ತು ರೂಪಾಯಿ. ಬ್ರಷ್ಷು ನಂದು, ಬಣ್ಣ ಅವರದು.
ಇಂಗ್ಲಿಷ್ ಅಕ್ಷರ ಗೊತ್ತು, ಅರ್ಥ ಅಷ್ಟಕ್ಕಷ್ಟೆ.
ಲಾರಿಯ ಬೆನ್ನಿಗೆ, ಹೋಟೆಲಿನ ಹಣೆಗೆ, ದವಾಖಾನೆ ಗೋಡೆಗೆ
ಮೂವತ್ತು ವರ್ಷ ಬರೆದ ಕೈ ಇದು;
ಅಕ್ಷರದ ಹೊಟ್ಟೆ ಎಲ್ಲಿ ಉಬ್ಬಬೇಕು, ಸೊಂಟ ಎಲ್ಲಿ ಬಳುಕಬೇಕು
ಅಷ್ಟು ಬಲ್ಲದು.

ಹುಣಸೆಗೆ ಬರೆದೆ: ಟ್ಯಾಮರಿಂಡಸ್ ಇಂಡಿಕಸ್.
ಚೀಟಿಯಲ್ಲಿ ಇಂಡಿಕಾ ಅಂತಿತ್ತು, ಸುಳ್ಳು ಹೇಳಲ್ಲ.
ಟೈಪು ಮಾಡಿದ ಹುಡುಗ ತಪ್ಪಿದ್ದಾನೆ ಅಂದುಕೊಂಡೆ.
ಮುಂದೊಂದು ಅಸ್, ಹಿಂದೊಂದು ಅಸ್,
ಜೋಡೆತ್ತಿನ ಹಾಗೆ ಒಪ್ಪುತ್ತಿತ್ತು ಕಣ್ಣಿಗೆ.

ಹಾಲಮ್ಮ ಮೇಡಂ ಕನ್ನಡಕ ಮೂಗಿನ ತುದಿಗಿಳಿಸಿ ನಿಂತರು.
"ದಾದಾಪೀರ್, ಆ ಬಾಲ ಕೆರೆದು ತೆಗಿ. ಇವಳು ಹೆಣ್ಣು."
ಯಾರು ಅಂತ ತಿರುಗಿ ನೋಡಿದೆ.
ಯಾರೂ ಇರಲಿಲ್ಲ. ಮರ ಇತ್ತು.

ಹೆಸರು ಗಂಡಸಿನ ಹಾಗೆ ಕೇಳಿಸಿದರೂ
ಲ್ಯಾಟಿನ್ನಿನಲ್ಲಿ ಇಂಥ ಮರ ಹೆಣ್ಣಂತೆ.
ಕಾಂಡದೊಳಗೆ ಒಬ್ಬಳು ಕೂತಿದ್ದಾಳೆ ಅಂತ
ಹಳೇ ಕಾಲದವರು ನಂಬಿದ್ದರಂತೆ.
ಅವರು ಸತ್ತರು, ಅವರಾಡಿದ ಮಾತೂ ಸತ್ತಿತು,
ಒಳಗೆ ಕೂತವಳು ಮಾತ್ರ ಎದ್ದು ಹೋಗಲಿಲ್ಲ.
ಹಿಂದೆ ಬರುವ ಗುಣದ ಮಾತು
ಅವಳನ್ನು ನೋಡಿ ಸೆರಗು ಹೊದೆಯಬೇಕು.

ಕನ್ನಡದಲ್ಲಿ ಈ ತರಲೆ ಇಲ್ಲ ಮೇಡಂ, ಅಂದೆ.
ಒಳ್ಳೆ ಗಂಡ, ಒಳ್ಳೆ ಹೆಂಡತಿ, ಒಳ್ಳೆ ಹುಣಸೆ;
ಒಳ್ಳೆ ಅನ್ನೋದು ಯಾರ ಮುಂದೆಯೂ ಬಟ್ಟೆ ಬದಲಿಸಲ್ಲ.
ಮರ ಅಂದರೆ ಅದು. ಬೆಳೀತು, ಹೂ ಬಿಡ್ತು, ಬಿತ್ತು.

ಮನೆಮಾತಲ್ಲಿ ಉಂಟು. ಅಮ್ಮಿಗೆ ನೀಮ್ ಗಂಡು, ಇಮ್ಲಿ ಹೆಣ್ಣು.
ಆದರೆ ನಮ್ಮದು ದುರ್ಗದ ಉರ್ದು,
ಬಂಡೆಯ ಕಾವಿಗೆ ಗಂಡು ಹೆಣ್ಣು ಅಲ್ಲಲ್ಲಿ ಬೆಸೆದುಹೋಗಿದೆ.
ಉತ್ತರದಿಂದ ಬಂದಿದ್ದ ಮೌಲ್ವಿಯೊಬ್ಬರು
ಗಡ್ಡದೊಳಗೇ ನಗುತ್ತಿದ್ದರು.

ಗೇಟಿನ ಕಟ್ಟೆಯ ಮೇಲೆ ಅರಳಿ, ಬೇವು.
ಓಬಣ್ಣನ ಅಜ್ಜ ಮದುವೆ ಮಾಡಿಸಿದ್ದು, ತಾಳಿ ಕಟ್ಟಿಸಿ, ಪಾಯಸ ಬಡಿಸಿ.
ಅರಳಿ ಗಂಡು, ಬೇವು ಹೆಣ್ಣು.
(ಅಮ್ಮಿಯನ್ನು ಕೇಳಿದರೆ ಬೇವೇ ಮದುಮಗ.)
ಚೀಟಿ ನೋಡಿದೆ: ಫೈಕಸ್ ರಿಲಿಜಿಯೋಸಾ. ಅಜಾಡಿರಾಕ್ಟಾ ಇಂಡಿಕಾ.
ಎರಡರ ಕೊನೆಗೂ ಅದೇ ಆಕಾರ.
"ಓಬಣ್ಣ, ನಿಮ್ಮಜ್ಜ ಎರಡು ಹೆಣ್ಣಿಗೆ ಗಂಟು ಹಾಕಿದಾನಲ್ಲೋ!"
ಬೀಡಿ ಆರಿಸಿ ಅವನು ಬೇರಿನ ಕಡೆ ನೋಡಿದ.
ಯಾವುದು ಯಾವುದನ್ನು ಹಿಡಿದಿದೆ ಅಂತ ತಿಳಿಯದಷ್ಟು ಹೆಣೆದಿತ್ತು.
"ಐವತ್ತು ವರ್ಷ ಆತು, ಜಗಳ ಇಲ್ಲ. ನೀನು ಬರಿ."

ಶ್ರೀಗಂಧ ಒಂದು ಅತ್ತಲೂ ಇಲ್ಲ, ಇತ್ತಲೂ ಇಲ್ಲ:
ಸ್ಯಾಂಟಲಂ ಆಲ್ಬಂ.
ಹೋದ ಅಮಾವಾಸ್ಯೆ ಯಾರೋ ಗರಗಸ ತಂದಿದ್ದರು.
ತಗಡನ್ನು ಮೋಟಿಗೇ ಹೊಡೆದೆ.

ಸಂಜೆ ಮನೆಗೆ ಬಂದರೆ ಪಕ್ಕದ ಗಂಗವ್ವ ಜಗಲಿಯಿಂದಲೇ,
"ನಿಮ್ ಹುಡುಗಿ ಟ್ಯೂಷನ್ನಿಂದ ಬಂತು, ಉಂಡು ಮಲಗೈತೆ."
ಬಂತು. ಮಲಗೈತೆ.
ದಿನಾ ಕೇಳಿದ್ದೇ. ಅಕ್ಕರೆಯ ಮಾತೇ.
ಅವತ್ತು ಕಿವಿಯೊಳಗೆ ಕೆರೆಯಿತು,
ತಗಡಿನ ಮೇಲೆ ಬ್ಲೇಡು ಎಳೆದ ಹಾಗೆ.
ಮುಬೀನ್ ಅಂದರೆ ಗಂಡು. ಮುಬೀನಾ ಅಂತ
ಹದಿನಾಲ್ಕು ವರ್ಷದ ಹಿಂದೆ ಬಾಲ ಹಚ್ಚಿದವನು ನಾನೇ.
"ಬಂದಳಾ?" ಅಂದೆ.
"ಹೂಂ, ಬಂತು" ಅಂದಳು ಗಂಗವ್ವ.

ಕೆರೆದದ್ದಕ್ಕೆ ಬೇರೆ ಕೂಲಿ ಕೊಡಲಿಲ್ಲ.
ಹಸಿರು ತೆಳ್ಳಗಾಯಿತು ಆ ಜಾಗದಲ್ಲಿ.
ಈಗಲೂ ಐದು ಗಂಟೆಯ ಓರೆ ಬಿಸಿಲು ಬಿದ್ದರೆ
ಆ ಅಸ್ ಅಡಿಯಿಂದ ಎದ್ದು ಕಾಣುತ್ತೆ.
ಕಾಯಿ ಕದಿಯೋ ಹುಡುಗರು
ಹತ್ತೋಕೆ ಮೊದಲ ಹೆಜ್ಜೆ ಇಡೋದು
ನಾನು ಹೊಡೆದ ಮೊಳೆಯ ಮೇಲೆ.